ಮಜ್ಜಿಗೆ ಗಡಿಗೆಯ ಮೇಲಿನ ಡಿಸ್ಕು

ಮಹಾನವಮಿಯ ದಿನ ಸೌಮ್ಯಾ ಜಳಕ ಮುಗಿಸಿ ಒಳಗೆ ಬಂದು ನೋಡಿದರೆ ಗೂಟಕ್ಕೆ ತೂಗುಹಾಕಿದ್ದ ಚೀಲ ಖಾಲಿಯಾಗಿತ್ತು. ಒಳಗಿದ್ದ ನೀಲಿ ಡಿಸ್ಕು ಇರಲಿಲ್ಲ. ಮಧ್ಯಾಹ್ನ ಧಾರವಾಡದಲ್ಲಿ ಡಿಸ್ಕ್ ಗಾಲ್ಫ್ ತಂಡದ ಆಯ್ಕೆ. ಆ ಡಿಸ್ಕನ್ನೇ ನಂಬಿ ಅವಳು ಇಡೀ ಮಳೆಗಾಲ ಕಳೆದಿದ್ದಳು.

ಮಂಚದ ಕೆಳಗೆ ಬಗ್ಗಿ ನೋಡಿದಳು. ಹಾಸಿಗೆ ಕೊಡವಿದಳು. ಒದ್ದೆ ಕೂದಲಿನಲ್ಲೇ ಪಡಸಾಲೆಗೆ ಓಡಿ ಬಂದವಳು ಅಲ್ಲೇ ನಿಂತುಬಿಟ್ಟಳು.

ಆಯುಧಗಳ ಖಂಡೆ ಪೂಜೆಗೆ ಹಾಸಿದ ಕಂಬಳಿಯ ಮೇಲೆ ಕುಡಗೋಲು, ಕುರ್ಪಿ, ಕೊಡಲಿ, ಅಪ್ಪನ ಬೈಕಿನ ಕೀಲಿಕೈ ಎಲ್ಲ ಸಾಲಾಗಿ ಕೂತಿದ್ದವು. ನಟ್ಟನಡುವೆ ಅವಳ ನೀಲಿ ಡಿಸ್ಕು. ಅದರ ಮೇಲೆ ಮೂರು ಎಳೆ ವಿಭೂತಿ, ಕುಂಕುಮ, ಒಂದು ಚೆಂಡುಹೂವು. ಕರ್ಪೂರ ಆಗಲೇ ಉರಿದು ಆರಿತ್ತು.

ಅಜ್ಜಿ ರತ್ನವ್ವ ಗೋಡೆಗೆ ಆತು ಕೂತು ಮೊಮ್ಮಗಳ ಮುಖವನ್ನೇ ನೋಡುತ್ತಿದ್ದಳು.

"ಆಯಿ, ಇದನ್ಯಾಕ ಪೂಜಿಗೆ ಇಟ್ಟಿ?"

"ಮತ್ತ? ಎಲ್ಲಾರ ಆಯುಧಕ್ಕೂ ಪೂಜಿ ಆಗಿ, ನಿಂದೊಂದ ಗೂಟಕ್ಕ ಜೋತಾಡಬೇಕೇನ? ನಿಮ್ಮಪ್ಪಂದು ಕುಡಗೋಲಾದ್ರ ನಿಂದು ಇದು."

ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ಆ ಮನೆಯಲ್ಲಿ ಖಂಡೆ ಪೂಜೆಗೆ ಇಟ್ಟದ್ದನ್ನು ಮರುದಿನ ಸಂಜೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವವರೆಗೆ ಯಾರೂ ಎತ್ತುವುದಿಲ್ಲ. ದುಡಿದ ಆಯುಧಕ್ಕೆ ವರ್ಷದಲ್ಲಿ ಸಿಗುವ ವಿಶ್ರಾಂತಿ ಅದೊಂದೇ. ಹೋದ ವರ್ಷದವರೆಗೂ ಇದೇ ಅಜ್ಜಿ, "ನಮ್ಮ ಹುಡುಗಿ ತಾಟು ಒಗಿಯಾಕ ಹೋಗ್ತಾಳ್ರೆವ್ವಾ" ಎಂದು ಅವಳ ಎಸೆತದ ಆಟಕ್ಕೆ ಓಣಿಯವರ ಮುಂದೆಲ್ಲ ನಗುತ್ತಿದ್ದಳು.

ಸೌಮ್ಯಾ ಮೊದಲು ಎಸೆಯುತ್ತಿದ್ದುದು ಬೇರೆ. ಕಾಲೇಜಿನಲ್ಲಿ ಡಿಸ್ಕಸ್ ಎಸೆತದಲ್ಲಿ ಅವಳದು ದೊಡ್ಡ ಹೆಸರು. ಒಂದು ಕ್ರೀಡಾಕೂಟದಲ್ಲಿ ಸುತ್ತು ತಿರುಗಿ ಎಸೆಯುವಾಗ ಬಲಗೈ ಭುಜದ ಕೀಲೇ ತಪ್ಪಿತು. ಅವಳ ಅಪ್ಪ ಗುರುಸಿದ್ದಯ್ಯ ಅಂದು ಮೈದಾನದಂಚಿನಲ್ಲೇ ನಿಂತಿದ್ದ. ಮಗಳ ಆ ಕೂಗು ಅವನ ಕಿವಿಯಿಂದ ಇಂದಿಗೂ ಹೋಗಿಲ್ಲ. ಭುಜ ಕೂಡಿದ ಮೇಲೂ ಅವಳು ಏನಾದರೂ ಎತ್ತಿದರೆ ಅವನು ಮುಖ ಆ ಕಡೆ ತಿರುಗಿಸುತ್ತಿದ್ದ.

ಆಮೇಲೆ ಧಾರವಾಡದಲ್ಲಿ ಫಾರೂಕ ಎಂಬ ತರಬೇತುದಾರ ಈ ಹೊಸ ಆಟ ಕಲಿಸುವ ಸುದ್ದಿ ಬಂತು. ಕಂಬಕ್ಕೆ ಬುಟ್ಟಿ ಕೂರಿಸಿ, ಮೇಲಿನಿಂದ ಸರಪಳಿ ಇಳಿಬಿಟ್ಟಿರುತ್ತಾರೆ. ದೂರದಿಂದ ಪ್ಲಾಸ್ಟಿಕ್ ಡಿಸ್ಕು ಎಸೆಯುತ್ತ ಹೋಗಿ ಆ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಬೀಳಿಸಿದವರು ಗೆದ್ದ ಹಾಗೆ.

ಮೊದಲ ದಿನ ಫಾರೂಕ ಅವಳ ಕೈಗೆ ಒಂದು ಹಗುರಾದ, ಮೆತ್ತಗಿನ ಬಿಳಿ ಡಿಸ್ಕು ಕೊಟ್ಟಿದ್ದ. "ಹೊಸಬರಿಗೆ ಇದ ಛಲೋ. ಸಾವಕಾಶ ಹೋಗತೈತಿ, ಆದ್ರ ಹೇಳಿದ ಕಡೆ ಹೋಗತೈತಿ."

ಒಂದು ಕಿಲೋ ಡಿಸ್ಕಸ್ ಎಸೆದ ಕೈಗೆ ಅದು ಹಪ್ಪಳದ ಹಾಗೆ ಅನ್ನಿಸಿತ್ತು. ಒತ್ತಿದರೆ ಬಾಗುತ್ತಿತ್ತು. ಅವಳಿಗೆ ಅವಮಾನವೇ ಆಯಿತು. ತಾನೇ ಹುಡುಕಿ ತರಿಸಿಕೊಂಡದ್ದು ಈ ನೀಲಿ ಡಿಸ್ಕು. ಎಲ್ಲಕ್ಕಿಂತ ಭಾರದ್ದು, ಮೇಲೆ ಬರೆದ ವೇಗದ ಅಂಕಿ ಎಲ್ಲಕ್ಕಿಂತ ದೊಡ್ಡದು, ಗಾಜಿನಂತೆ ಹೊಳೆಯುವ ಗಟ್ಟಿ ಪ್ಲಾಸ್ಟಿಕ್ಕು. ಕಲ್ಲಿಗೆ ಬಡಿದರೂ ಗೀರು ಬೀಳದು. ಆದರೆ ಅದು ಕೇಳುವಷ್ಟು ವೇಗ ಕೈಯಲ್ಲಿ ಹುಟ್ಟದಿದ್ದರೆ ಅರ್ಧ ದಾರಿಯಲ್ಲೇ ಎಡಕ್ಕೆ ತಿರುಗಿ ದೊಪ್ಪನೆ ಬೀಳುತ್ತಿತ್ತು. ಯಾವಾಗಲೋ ಒಮ್ಮೆ ನೆಟ್ಟಗೆ ಹಾರುತ್ತಿತ್ತು. ಆ ಒಂದು ಹಾರಾಟದ ಆಸೆಗೆ ಬಿದ್ದ ಉಳಿದ ಎಲ್ಲ ಎಸೆತಗಳನ್ನೂ ಅವಳು ಮರೆಯುತ್ತಿದ್ದಳು.

ಬಿಳಿ ಡಿಸ್ಕು ಅಡುಗೆಮನೆ ಸೇರಿತು. ಮಜ್ಜಿಗೆ ಗಡಿಗೆಯ ಬಾಯಿಗೆ ಅಳತೆ ಮಾಡಿಸಿದಂತೆ ಕೂಡುತ್ತದೆಂದು ರತ್ನವ್ವ ಅದನ್ನು ಮುಚ್ಚಳ ಮಾಡಿಕೊಂಡಳು.

"ಈ ಸಲ ಆಯ್ಕೆ ಆಗಲಿಲ್ಲಂದ್ರ ಆಟ ಬಿಡ್ತೀನಿ, ಅಪ್ಪಾ. ಮತ್ತ ಕೇಳಂಗಿಲ್ಲ." ಶ್ರಾವಣದಲ್ಲಿ ಸೌಮ್ಯಾ ತಾನಾಗಿಯೇ ಆಡಿದ ಮಾತಿದು. ಗುರುಸಿದ್ದಯ್ಯ ಹೂಂ ಅಂದಿದ್ದ. ಅವನು ಕೊಟ್ಟ ಮಾತಿಗೂ ತಪ್ಪುವವನಲ್ಲ, ತೆಗೆದುಕೊಂಡ ಮಾತನ್ನೂ ಮರೆಯುವವನಲ್ಲ.

ಈಗ ಅವನು ಹಿತ್ತಲಿನಿಂದ ಬಂದು ಕಂಬಳಿ ನೋಡಿದ, ಮಗಳನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. ರತ್ನವ್ವ ಅಡುಗೆಮನೆಗೆ ಹೋಗುವುದನ್ನು ಕಾದು ತಗ್ಗಿದ ದನಿಯಲ್ಲಿ ಅಂದ: "ತಗೋಳೋದಿದ್ರ ತಗೋ. ನಾ ಏನೂ ಅನ್ನಂಗಿಲ್ಲ."

ಸೌಮ್ಯಾ ಬಗ್ಗಿದಳು. ಬೆರಳು ಡಿಸ್ಕಿನ ಅಂಚಿನವರೆಗೆ ಹೋಯಿತು. ವಿಭೂತಿಯ ಎಳೆಗಳು ಸೊಟ್ಟಗಿದ್ದವು. ಕಣ್ಣು ಸರಿಯಾಗಿ ಕಾಣದ ಆಯಿ ನಸುಕಿನಲ್ಲೇ ಎದ್ದು, ತಡವಿ ತಡವಿ ಎಳೆದಿದ್ದಳು. ಎತ್ತಿಕೊಂಡು ಹೋಗಿ ಸೋತು ಬಂದರೆ, ಪೂಜೆ ಕೆಡಿಸಿದ್ದಕ್ಕೆ ಹೀಗಾಯಿತೆಂದು ಮುದುಕಿ ಸಾಯುವವರೆಗೆ ಕೊರಗುತ್ತಾಳೆ. ಗೆದ್ದು ಬಂದರೂ ಇನ್ನೊಮ್ಮೆ ಇದನ್ನು ಕುಡಗೋಲಿನ ಪಕ್ಕ ಇಡಲಾರಳು.

ಸೌಮ್ಯಾ ಕೈ ಹಿಂದೆಗೆದಳು.

"ಏನ ಮಾಡ್ತಿ ಮತ್ತ?" ಅಪ್ಪ ಕೇಳಿದ.

ಅವಳು ಅಡುಗೆಮನೆಗೆ ನಡೆದು ಮಜ್ಜಿಗೆ ಗಡಿಗೆಯ ಮುಚ್ಚಳ ತೆಗೆದಳು.

"ಏ, ನೊಣ ಬೀಳ್ತಾವ!" ರತ್ನವ್ವ ಕೂಗಿದಳು.

"ತಾಟು ಮುಚ್ಚ ಆಯಿ. ಇದು ಬೇಕಾಗೇತಿ."

ಬಿಳಿ ಡಿಸ್ಕಿಗೆ ಬೆಣ್ಣೆಯ ಜಿಡ್ಡು ಹತ್ತಿತ್ತು. ಅಂಚಿನಲ್ಲಿ ಕಡಗೋಲು ತಾಕಿದ ಕಚ್ಚುಗಳಿದ್ದವು. ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದಳು. ನುಣುಪು ಹೋಗಿ ಮೈ ತರಿತರಿಯಾಯಿತು.

ಬೈಕಿನ ಕೀಲಿಕೈ ಪೂಜೆಯಲ್ಲಿ ಕೂತಿದ್ದರಿಂದ ಅಪ್ಪ ಮಗಳು ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸು ಹತ್ತಿದರು. ಬೈರಿದೇವರಕೊಪ್ಪ ದಾಟುವಾಗ ಕಿಟಕಿಯ ಮೇಲೆ ಜಿಟಿಜಿಟಿ ಮಳೆ ಹನಿಯಿತು. ಈ ಬಿಳಿ ಡಿಸ್ಕನ್ನು ಸೌಮ್ಯಾ ಕೈಯಲ್ಲಿ ಹಿಡಿದೇ ತಿಂಗಳುಗಳಾಗಿದ್ದವು.

ಮೈದಾನದಲ್ಲಿ ಫಾರೂಕ ಗುರುಸಿದ್ದಯ್ಯನಿಗೆ ಕೈ ಮುಗಿದು, "ಬರ್ರಿ ಸ್ವಾಮ್ಯಾರ" ಅಂದ. ಆಮೇಲೆ ಅವಳ ಚೀಲ ನೋಡಿದ. "ನಿನ್ನ ನೀಲಿ ರಾಕೆಟ್ಟು ಎಲ್ಲೈತಿ ತಂಗಿ?"

"ಅದು ಪೂಜ್ಯಾಗ ಕುಂತೈತ್ರಿ ಸರ್. ನಾಳಿಗೆ ಏಳತೈತಿ."

ಫಾರೂಕ ನಗಲು ಹೋಗಿ, ಅವಳ ಮುಖ ನೋಡಿ ಪಟ್ಟಿಯಲ್ಲಿ ಹೆಸರು ಬರೆದುಕೊಂಡ.

ಹುಡುಗಿಯರಲ್ಲಿ ಮೂವರನ್ನಷ್ಟೇ ಆರಿಸುವುದಿತ್ತು. ಮೊದಲ ಬುಟ್ಟಿಗೆ ಎಸೆಯುವಾಗ ಸೌಮ್ಯಾ ಹಳೆಯ ಚಾಳಿಯಂತೆ ಭುಜದ ಶಕ್ತಿಯೆಲ್ಲ ಹಾಕಿದಳು. ಬಿಳಿ ಡಿಸ್ಕು ನಡುಗುತ್ತ ಮೇಲಕ್ಕೆದ್ದು ಬಲಕ್ಕೆ ಹೊರಳಿ ಹುಲ್ಲಿನಲ್ಲಿ ಉರುಳಿತು. ಯಾರೋ, "ತಾಟು ಉರುಳ್ತು ನೋಡ್ರಿ, ಊಟಕ್ಕ ಏಳ್ರಿ!" ಅಂದರು. ನಾಲ್ಕೈದು ಜನ ನಕ್ಕರು. ಭುಜದೊಳಗೆ ಚುಳ್ ಎಂದಿತು. ಅವಳು ಅಪ್ಪನ ಕಡೆ ನೋಡಲಿಲ್ಲ.

ಎರಡನೆಯದಕ್ಕೆ ಅರ್ಧ ಬಲ ಹಾಕಿದಳು. ಡಿಸ್ಕು ನೆಟ್ಟಗೆ ಹೋಯಿತು. ಹೆಚ್ಚು ದೂರವಲ್ಲ, ಆದರೆ ನೆಟ್ಟಗೆ. ಮೂರನೆಯದಕ್ಕೂ ಹಾಗೆಯೇ. ಒದ್ದೆ ಹುಲ್ಲಿನಲ್ಲಿ ಉಳಿದವರ ನುಣುಪು ಡಿಸ್ಕುಗಳು ಕೈಯಿಂದ ಜಾರುತ್ತಿದ್ದವು, ಬಿದ್ದಲ್ಲಿಂದ ಸರ್ರನೆ ಮುಂದೆ ಓಡುತ್ತಿದ್ದವು. ಅವಳದು ಬಿದ್ದಲ್ಲೇ ಕೂರುತ್ತಿತ್ತು.

ಕೊನೆಯ ಬುಟ್ಟಿಗೆ ಬರುವ ಹೊತ್ತಿಗೆ ಇಬ್ಬರ ಆಯ್ಕೆ ಖಚಿತವಾಗಿತ್ತು. ಉಳಿದ ಒಂದು ಜಾಗಕ್ಕೆ ಸೌಮ್ಯಾ ಮತ್ತು ಹುಬ್ಬಳ್ಳಿಯ ಗೀತಾಂಜಲಿ ಸರಿಸಮ ನಿಂತಿದ್ದರು. ಎದುರಿಗೆ ಎರಡು ಬೇವಿನ ಮರಗಳ ನಡುವೆ ಕಿರಿದಾದ ಸಂದಿ, ಅದರಾಚೆ ಬುಟ್ಟಿ, ಎಡಕ್ಕೆ ಉದ್ದಕ್ಕೂ ಗಟಾರ.

ಗೀತಾಂಜಲಿ ಎಸೆದಳು. ಅವಳ ಕೆಂಪು ಡಿಸ್ಕು ಸಂದಿಯಲ್ಲಿ ಬಾಣದಂತೆ ನುಗ್ಗಿ, ಆಚೆ ಹೋದ ಮೇಲೆ ಎಡಕ್ಕೆ ತಿರುಗಿ ಗಟಾರದಂಚಿನಲ್ಲಿ ನಿಂತಿತು. ಬುಟ್ಟಿಗೆ ಹತ್ತಿರ, ಆದರೆ ನಡುವೆ ಇನ್ನೊಂದು ಮರ. ಜನ ಚಪ್ಪಾಳೆ ತಟ್ಟಿದರು.

ಸೌಮ್ಯಾಳ ಅಂಗೈ ಬೆವರಿತು. ಕರವಸ್ತ್ರವೂ ಮಳೆಗೆ ಒದ್ದೆ. ಒರೆಸಲು ಒಣಗಿದ್ದು ಏನೂ ಇರಲಿಲ್ಲ. ಆಗ ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಗುರುಸಿದ್ದಯ್ಯ ಸಣ್ಣ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಅವಳ ಅಂಗೈಗೆ ಉಜ್ಜಿದ, ಬೆರಳ ಸಂದಿಗೂ ಬಿಡದೆ.

"ಆ ಹುಡುಗಿಯಷ್ಟು ದೂರ ಒಗೀಬೇಕಂತ ಏನಿಲ್ಲ," ಅಂದ. "ಭುಜ ಉಳಿಸ್ಕೊ."

ಅವನು ಹಿಂದೆ ಸರಿದ. ಆದರೆ ಈ ಸಲ ಮುಖ ತಿರುಗಿಸಲಿಲ್ಲ.

ಭುಜ ಪೂರ್ತಿ ಬಲ ಹಾಕು ಎನ್ನುತ್ತಿತ್ತು. ಸೌಮ್ಯಾ ಉಸಿರು ಬಿಟ್ಟು, ಅರ್ಧ ಬಲದಲ್ಲಿ ಎಸೆದಳು. ಬಿಳಿ ಡಿಸ್ಕು ನಿಧಾನವಾಗಿ ಹಾರಿ ಎರಡು ಮರಗಳ ನಡುವೆಯೇ ಇಳಿದು ಕೂತಿತು. "ಇಷ್ಟನ?" ಅಂದಿತು ಒಂದು ದನಿ.

ಗೀತಾಂಜಲಿ ಬಾಗಿ ನೋಡಿದಳು, ಆ ಕಡೆ ಈ ಕಡೆ ಸರಿದಳು. ಮರ ತಪ್ಪಿಸಲು ಹೋದ ಎಸೆತ ಮರಕ್ಕೇ ಬಡಿದು ಕಾಲ ಬಳಿ ಬಿತ್ತು. ಸೌಮ್ಯಾ ಎರಡನೇ ಎಸೆತದಲ್ಲಿ ಬುಟ್ಟಿಯ ಹತ್ತಿರಕ್ಕೆ ಬಂದಳು. ಗೀತಾಂಜಲಿಯ ಮೂರನೆಯದು ಕಂಬದ ಪಕ್ಕ ಬಿತ್ತು. ಇನ್ನು ಸೌಮ್ಯಾಳದು. ತಪ್ಪಿದರೆ ಮತ್ತೆ ಸಮ. ಬೆರಳಲ್ಲಿ ವಿಭೂತಿ ಒಣಗಿ ಬಿಗಿದಿತ್ತು. ಡಿಸ್ಕು ಕೈಯಿಂದ ಹೊರಟಿತು.

ಸರಪಳಿ ಝಣ್ ಎಂದಿತು. ಡಿಸ್ಕು ಬುಟ್ಟಿಯೊಳಗೆ ಕೂತಿತು.

ಸೌಮ್ಯಾ ತಿರುಗಿ ನೋಡಿದರೆ ಅಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದ.

ಮರುದಿನ ಸಂಜೆ ಬನ್ನಿ ಕೊಟ್ಟು ಕಾಲಿಗೆ ಬಿದ್ದ ಮೊಮ್ಮಗಳಿಗೆ, "ಬಂಗಾರದಂಗ ಇರು" ಎಂದು ಹರಸಿ ರತ್ನವ್ವ ಕಂಬಳಿಯ ಮೇಲಿನ ನೀಲಿ ಡಿಸ್ಕು ಎತ್ತಿ ಕೊಟ್ಟಳು. "ತಗೋ ನಿನ್ನ ಆಯುಧ. ನನ್ನ ಮುಚ್ಚಳ ಕೊಡು."

"ಅದು ನನಗ ಬೇಕ ಆಯಿ, ತಂಡದ ತರಬೇತಿಗೆ ಒಯ್ಯಬೇಕು. ನೀ ಇದನ್ನ ಮುಚ್ಚ."

ರತ್ನವ್ವ ಅನುಮಾನದಿಂದಲೇ ನೀಲಿ ಡಿಸ್ಕನ್ನು ಗಡಿಗೆಯ ಮೇಲಿಟ್ಟು ಒತ್ತಿದಳು. ಅದು ಬಾಗಲಿಲ್ಲ, ಜಾರಿ ನೆಲಕ್ಕೆ ಬಿದ್ದು ಒಲೆಯವರೆಗೆ ಉರುಳಿತು.

"ಇದ್ಯಾತರ ಆಯುಧವ್ವಾ, ಒಂದು ಗಡಿಗಿ ಮ್ಯಾಲೆ ನೆಟ್ಟಗ ಕೂಡವಲ್ದು," ಎಂದು ಗೊಣಗುತ್ತ ಮುದುಕಿ ತಾಟು ಹುಡುಕಲು ಎದ್ದಳು.