ಯಶವಂತನಗರದಿಂದ ಒಂದು ಹೆಸರು ತಂದದ್ದು

ಹೊಸಪೇಟೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಸಂಡೂರಿನ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರು ನನ್ನ ಕಾರ್ಡನ್ನೂ ಮುಖವನ್ನೂ ಎರಡೆರಡು ಸಲ ನೋಡಿ, "ಇದು ನೀವೇನ್ರಿ ಮೇಡಂ?" ಅಂದ. ಹಳೆಯ ಫೋಟೊ, ಆಗ ಕೂದಲು ಕಪ್ಪಗಿತ್ತು. "ನಾನ ಅದೀನಪ್ಪ, ಸರಿಯಾಗಿ ನೋಡು" ಅಂದೆ. ಹಿಂದಿನ ಸೀಟಿನವರು ಕಿಸಕ್ಕನೆ ನಕ್ಕರು. ಮೈ ಉರಿಯಿತಾದರೂ ನಾನೂ ನಕ್ಕೆ.

ನಾನು ಹೊರಟಿದ್ದು ಒಂದು ಹೆಸರು, ಒಂದು ಫೋಟೊ ತರಲಿಕ್ಕೆ. ಮುಂದಿನ ವಾರ ನಮ್ಮ ವಿಶ್ವವಿದ್ಯಾಲಯದಲ್ಲಿ ದುಡಿಮೆಯ ಬಗ್ಗೆ ಮೂರು ದಿನ ಉಪನ್ಯಾಸಗಳಿವೆ. ಮೊದಲ ದಿನ ಕಾರ್ಮಿಕ ಕಾನೂನು, ಎರಡನೆಯ ದಿನ ಉದ್ಯೋಗ ಮಾರ್ಗದರ್ಶನ. ಆ ಎರಡು ದಿನ ಮಾತಾಡುವವರಿಬ್ಬರೂ ಆಮಂತ್ರಣಕ್ಕೆಂದು ಕೋಟು ಹಾಕಿದ ಫೋಟೊ ಕಳಿಸಿಯಾಗಿತ್ತು. ಮೂರನೆಯ ದಿನ ದುಡಿಯುವವನೇ ಬಂದು ಮಾತಾಡಲಿ ಎಂದು ಹಟ ಹಿಡಿದವಳು ನಾನು. ಯಶವಂತನಗರದ ಹತ್ತಿರ ಗಣಿಯೊಂದರಲ್ಲಿ ಲೋಡಿಂಗ್ ಕೆಲಸ ಮಾಡುವ ಎರ್ರಿಸ್ವಾಮಿ ಎಂಬವರ ನಂಬರನ್ನು ಕಂಪ್ಲಿಯ ನನ್ನ ವಿದ್ಯಾರ್ಥಿನಿಯೊಬ್ಬಳು ಕೊಟ್ಟಿದ್ದಳು. ಮಾತಾಡಲು ಅವರು ಕೂಡಲೇ ಒಪ್ಪಿದರು. ಆದರೆ, "ಕಾರ್ಡಿನಾಗ ಯಾವ ಹೆಸರು ಹಾಕಬೇಕನ್ನಾದು ನೀವು ಬಂದಮ್ಯಾಲೆ ಮಾತಾಡೋಣ್ರಿ" ಅಂದಿದ್ದರು. ಆಮಂತ್ರಣ ಅವತ್ತು ಸಂಜೆಯೇ ಅಚ್ಚಿಗೆ ಹೋಗಬೇಕಿತ್ತು.

ಸಂಡೂರಿಗೆ ಸುಮಾರು ಮೂವತ್ತು ಕಿಲೋಮೀಟರು. ಅಲ್ಲಿ ಇಳಿದು ಬಿಸಿ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ತಿಂದು ಇನ್ನೊಂದು ಬಸ್ಸು ಹಿಡಿದೆ. ಚಳಿಗಾಲದ ಮಂಜಿಗೆ ಅದಿರು ಲಾರಿಗಳ ಧೂಳು ಸೇರಿ ಬೆಳಕೇ ಕೆಂಪಗಾಗಿತ್ತು. ಎಲೆ, ಗೋಡೆ, ರಸ್ತೆ ಬದಿಯ ನಾಯಿ, ಎಲ್ಲಕ್ಕೂ ಒಂದೇ ಬಣ್ಣ. ಮಂಜಿನೊಳಗಿಂದ ಲಾರಿಯ ಸದ್ದು ಬರುತ್ತಿತ್ತು, ಲಾರಿ ಮಾತ್ರ ತೀರ ಹತ್ತಿರ ಬಂದ ಮೇಲೆಯೇ ಕಾಣುತ್ತಿತ್ತು.

ಯಶವಂತನಗರದಲ್ಲಿ ನಾನು ಇಳಿಯುವ ಹೊತ್ತಿಗೆ ರಾತ್ರಿ ಪಾಳಿ ಮುಗಿಸಿದವರ ಕಂಪನಿ ಬಸ್ಸೂ ಬಂತು. ಮೂವತ್ತು ನಲವತ್ತು ಗಂಡಸರು ಇಳಿದರು. "ಎರ್ರಿಸ್ವಾಮಿಯವರೇ!" ಎಂದು ಕೂಗಿದೆ. ಒಬ್ಬರೂ ತಿರುಗಲಿಲ್ಲ. ಮತ್ತೊಮ್ಮೆ ಕೂಗಿದೆ. ಚಹಾದಂಗಡಿಯ ಹೆಂಗಸು, "ಲೋಡಿಂಗ್‌ನವನೇನ್ರಿ? ತಡೀರಿ" ಎಂದು, "ಏ ಹುಲುಗಪ್ಪಾ!" ಅಂತ ಕರೆದಳು. ನನ್ನ ಮಗ್ಗುಲಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದವರು ತಿರುಗಿದರು. ದಪ್ಪ ಕಪ್ಪು ಮೀಸೆ, ನಡುಬೈತಲೆ.

"ನಾನ ರೀ ಎರ್ರಿಸ್ವಾಮಿ," ಅಂದರು ಸಣ್ಣ ದನಿಯಲ್ಲಿ. "ನೀವು ಕೂಗಿದ್ದು ಕೇಳಿಸ್ತು. ಬ್ಯಾರೆ ಯಾರನ್ನೋ ಕರಿತಾರ ಅಂದ್ಕೊಂಡೆ."

ಬೆಂಚಿನ ಮೇಲೆ ಕೂತು ಹೇಳಿದರು. ಹನ್ನೊಂದು ವರ್ಷದ ಹಿಂದೆ ಬಂಡ್ರಿಯ ಹುಲುಗಪ್ಪ ಮತ್ತು ಕಂಪ್ಲಿಯಿಂದ ಬಂದ ಇವರು ಒಂದೇ ಕೋಣೆಯಲ್ಲಿದ್ದರು. ಹುಲುಗಪ್ಪನಿಗೆ ಗೇಟ್ ಪಾಸ್ ಇತ್ತು, ಇವರಿಗಿರಲಿಲ್ಲ. ಪಾಸನ್ನು ಕೋಣೆಯಲ್ಲೇ ಬಿಟ್ಟು ರಜೆಗೆ ಊರಿಗೆ ಹೋದ ಹುಲುಗಪ್ಪ ಕಾಮಾಲೆಯಾಗಿ ತೀರಿಕೊಂಡ. ಹೊಸ ಪಾಸ್ ಸಿಗುವ ಹಾಗಿರಲಿಲ್ಲ. ಗುತ್ತಿಗೆದಾರನ ಮೇಸ್ತ್ರಿ, ಆ ಪಾಸಿನ ಮೇಲೆಯೇ ಬಾ ಅಂದ. ಹುಲುಗಪ್ಪನ ಹೆಂಡತಿಗೆ ತಿಳಿಸಿಯೇ ಇವರು ಹೋದರು.

ಪಾಸನ್ನು ನನ್ನ ಕೈಗಿಟ್ಟರು. ಫೋಟೊದಲ್ಲಿದ್ದುದು ಅದೇ ಮೀಸೆ, ಅದೇ ಬೈತಲೆ. ಇವರದೇ ಫೋಟೊ ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ.

"ನನಗ ಮೀಸಿನ ಇರಲಿಲ್ರಿ. ಈ ಫೋಟೊ ನೋಡಿ ನೋಡಿ ಮೀಸಿ ಬಿಟ್ಟೆ. ಈಗ ತಲಿ ಬೆಳ್ಳಗಾಗೇತಿ, ಆತನ ಫೋಟೊ ಬೆಳ್ಳಗಾಗಂಗಿಲ್ಲಲ್ಲ, ಅದಕ್ಕ ಪ್ರತಿ ಐತ್ವಾರ ಬಣ್ಣ ಹಚ್ಕೋತೀನಿ. ಹ್ವಾದ ತಿಂಗಳ ಗೇಟಿನಾಗ ಮುಖ ನೋಡೋ ಮಷೀನ್ ಇಟ್ಟರು. ಇವತ್ತಿಗೆ ಮುಗೀತು, ಸಿಕ್ಕಿಬಿದ್ದೆ ಅಂತ ಹೋಗಿ ನಿಂತೆ. ಹಸಿರು ಲೈಟ್ ಹತ್ತಿ 'ಹುಲುಗಪ್ಪ' ಅಂತ ಬಂತ್ರಿ. ಮಷೀನಿಗೂ ನಾನು ಕಾಣಲಿಲ್ಲ. ಅವತ್ತಿಂದ ಕನ್ನಡಿ ನೋಡಾಕ ಹೆದರಿಕಿ."

ಹೆಸರೇ ಬೇಡ, 'ಒಬ್ಬ ಗಣಿ ಕಾರ್ಮಿಕ' ಅಂತ ಹಾಕೋಣ, ಇಲ್ಲದಿದ್ದರೆ ಕೆಲಸಕ್ಕೆ ಕುತ್ತು ಬರುತ್ತದೆ ಅಂದೆ. ಅವರು ತಲೆಯಾಡಿಸಿದರು. "ಬ್ಯಾಡ್ರಿ. ಒಂದು ದಿನರ ನಾನು ನಾನಾಗಿ ಮಾತಾಡಬೇಕು. ಆದ್ರ ಹೆಸರು ಆತಂದು. ಬಂಡ್ರಿಗೆ ಹೋಗಿ ಆತನ ಹೆಂಡ್ತಿ ತಿಪ್ಪಮ್ಮನ್ನ ಕೇಳ್ರಿ. ಆ ಹೆಸರು ಬಿಡು ಅಂದ್ರ ಬಿಡ್ತೀನಿ."

ಬಂಡ್ರಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ತಿಪ್ಪಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಹಣೆಯಲ್ಲಿ ಕಾಸಗಲದ ಕುಂಕುಮ. ಒಳಗೆ ಗೋಡೆಯ ಮೇಲೆ, ಆಗಷ್ಟೇ ಯಶವಂತನಗರದಲ್ಲಿ ಬಿಟ್ಟುಬಂದ ಮುಖ ತೂಗುತ್ತಿತ್ತು. ಹಾರ ಇರಲಿಲ್ಲ.

"ಕುಂದ್ರಿ," ಅಂದರು. ನನ್ನ ಕಣ್ಣು ಅವರ ಹಣೆಯ ಮೇಲೇ ಇದ್ದದ್ದು ಗೊತ್ತಾಗಿರಬೇಕು. "ಊರಾಗೂ ಬೈತಾರ್ರಿ. ಮಣ್ಣು ಮಾಡಿದ್ದು ನನಗೂ ಗೊತ್ತೈತಿ. ಆದ್ರ ದಿನಾ ಗಣ್ಯಾಗ ಅವರ ಹಾಜರಿ ಬೀಳ್ತೈತಲ್ಲ? ಮುಂಜಾನಿ ಕಂಪನಿ ಬಸ್ಸಿನ ಹಾರ್ನ್ ಕೇಳಿದ್ರ, ಡ್ಯೂಟಿಗಿ ಹ್ವಾದ್ರು ಅಂತೀನಿ. ಹಾಜರಿ ಬೀಳೋತನಕ ಈ ಕುಂಕುಮ ಇಡಾಕಿ ನಾನು."

ಬಂದ ಕೆಲಸ ಹೇಳಿದೆ. ತಿಪ್ಪಮ್ಮ ಮೆಣಸಿನಕಾಯಿ ತಿರುವಿ ಹಾಕತೊಡಗಿದರು. ಒಂದು ಹೆಸರಿಗಾಗಿ ಈ ಮನೆಯಲ್ಲಿ ಎರಡನೆಯ ಸಲ ಸಾವು ತಂದೆನಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು. ತಿಪ್ಪಮ್ಮ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟರು.

"ಸತ್ತಮ್ಯಾಲೂ ಹನ್ನೊಂದು ವರ್ಷ ದುಡದ್ರು. ನಮ್ಮ ಮನಿಯವರಿಗೆ ಮನಿಗಿ ಬರಾಕ ಹೇಳ್ರಿ. ಡ್ಯೂಟಿ ಸಾಕು." ಸೆರಗಿನ ತುದಿಯಿಂದ ನಿಧಾನಕ್ಕೆ ಹಣೆ ಒರೆಸಿಕೊಂಡರು.

ರಸ್ತೆಗೆ ಬಂದು ಎರ್ರಿಸ್ವಾಮಿಗೆ ಫೋನ್ ಮಾಡಿ, ಆಕೆ ಅಂದ ಮಾತನ್ನು ಹಾಗೆಯೇ ಹೇಳಿದೆ. "ಫೋಟೊಕ್ಕ ಯಶವಂತನಗರಕ್ಕ ಬರ್ರಿ" ಅಂದು ಫೋನ್ ಇಟ್ಟರು.

ಮಧ್ಯಾಹ್ನ ಯಶವಂತನಗರದಲ್ಲಿ ಇಳಿದಾಗ ಯಾರೋ ಅಪರಿಚಿತ ನಮಸ್ಕಾರ ಮಾಡಿದರು. ದನಿ ಕೇಳಿದ ಮೇಲೆಯೇ ಗುರುತು ಸಿಕ್ಕಿದ್ದು. ಮೀಸೆ ಇರಲಿಲ್ಲ. ಆ ಜಾಗದ ಚರ್ಮ ಧೂಳು ಕಾಣದೆ ಬೆಳ್ಳಗಿತ್ತು. ತಲೆಯನ್ನೂ ಸಣ್ಣಗೆ ಕತ್ತರಿಸಿಕೊಂಡಿದ್ದರು, ಬುಡದ ನರೆಯೆಲ್ಲ ಹೊರಬಿದ್ದಿತ್ತು. "ನಾಳೆ ಗೇಟು ತೆರಿತೈತೋ ಇಲ್ಲೋ ಗೊತ್ತಿಲ್ರಿ. ಕಂಪ್ಲ್ಯಾಗ ಭತ್ತದ ಗದ್ದಿಗೆ ನನ್ನ ಹೆಸರು ಹಿಡಿದು ಕರಿಯೋರು ಇನ್ನೂ ಅದಾರ. ಎರ್ರಿಸ್ವಾಮಿ ಅಂತ ಹಾಕ್ರಿ." ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಫೋಟೊಗೆ ನಿಂತರು. ಮೊಬೈಲಿನಲ್ಲಿ ತೆಗೆದುಕೊಂಡೆ.

ನಾನು ಸಂಡೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಎದುರಿಗೆ ಬಂಡ್ರಿಯ ಕಡೆ ಹೊರಟ ಬಸ್ಸು ನಿಂತಿತ್ತು. ಚಹಾದ ಹೆಂಗಸು ರೂಢಿಯ ಮೇಲೆ, "ಏ ಹುಲುಗಪ್ಪಾ, ಚಾ ಕುಡದು ಹೋಗು" ಎಂದು ಕೂಗಿದಳು. ಎರ್ರಿಸ್ವಾಮಿ ನನ್ನ ಕಡೆ ಕೈಬೀಸುತ್ತಿದ್ದರು, ತಿರುಗಲಿಲ್ಲ. ಎದುರಿನ ಬಸ್ಸಿನ ಕೊನೆಯ ಕಿಟಕಿಯಲ್ಲಿ, ಧೂಳು ಮೆತ್ತಿದ ಗಾಜಿನ ಹಿಂದೆ ಕಪ್ಪು ಮೀಸೆಯ, ನಡುಬೈತಲೆಯವನೊಬ್ಬ ತಿರುಗಿದ.

"ಇಲ್ಲವ್ವಾ, ಮನಿಗಿ ಹೊಂಟೀನಿ," ಅಂದ. ಬಸ್ಸು ಹೊರಟಿತು.

ಈ ಸೀಮೆಯಲ್ಲಿ ಹುಲುಗಪ್ಪ ಎನ್ನುವವರು ಊರಿಗೆ ಹತ್ತು ಮಂದಿ ಇದ್ದಾರೆ. ಹೊಸಪೇಟೆ ಮುಟ್ಟುವ ತನಕ ನನಗೆ ನಾನೇ ಇದನ್ನು ಹೇಳಿಕೊಳ್ಳುತ್ತ ಬಂದೆ.