ವೈನಿ ಮಾಡಿದ ಗುರೆಳ್ಳಿನ ಕರಿಂಡಿ

ನಮ್ಮ ವೈನಿ, ಅಣ್ಣನ ಹೆಂಡತಿ ಸುಭದ್ರಾಬಾಯಿಯ ಎದುರಿಗೆ ನಿಂತು, ಅವರ ಕಣ್ಣಲ್ಲಿ ಕಣ್ಣಿಟ್ಟು, ನಾನು ಸುಳ್ಳು ಹೇಳಿದೆ. ಅವರ ನಾಲಿಗೆ ಕಂಡುಕೊಂಡ ಸತ್ಯವನ್ನು, ಆ ರುಚಿ ಇನ್ನೂ ಬಾಯಲ್ಲಿರುವಾಗಲೇ, ಭ್ರಮೆ ಎಂದು ನಂಬಿಸಿದೆ. ಅದಕ್ಕೂ ಮೊದಲು ಕದ್ದಿದ್ದೆ. ನನ್ನನ್ನು ಸಾಕಿದ ಕೈಯ ಗಡಿಗೆಯಿಂದಲೇ ಕದ್ದಿದ್ದೆ. ಗಾಬರಿಯಲ್ಲಿ ಬಾಯಿ ತಪ್ಪಿತು, ಸುತ್ತ ಜನ ಇದ್ದರು, ಏನು ಮಾಡಲಿ — ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತ ಇಷ್ಟು ವರ್ಷ ದೂಡಿದ್ದೇನೆ. ಗಾಬರಿಯೂ ಅಲ್ಲ, ಮಣ್ಣೂ ಅಲ್ಲ. ಯೋಚಿಸಿಯೇ ಹೇಳಿದ ಮಾತದು.

ಅಣ್ಣ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾಗಿದ್ದ. ಅಪ್ಪ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಮೊದಲಲ್ಲಿ, ನಾನೂ ಅವ್ವನೂ ವಿಜಾಪುರ ಸೀಮೆಯ ಊರು ಬಿಟ್ಟು ಅವನ ಎರಡು ಕೋಣೆಯ ಮನೆಗೆ ಬಂದೆವು. ವೈನಿ ಮುಖ ಸಿಂಡರಿಸಲಿಲ್ಲ. ಹನ್ನೆರಡನೆಯ ಇಯತ್ತೆ ಮುಗಿದ ಮೇಲೆ ಹೋಟೆಲಿನ ಅಡುಗೆ ಕಲಿಸುವ ಕಾಲೇಜಿಗೆ ಸೇರುತ್ತೇನೆ ಎಂದಾಗ ಬಂಧುಗಳೆಲ್ಲ ಹೌಹಾರಿದರು. ಹೆಣ್ಣುಮಗಳು, ಹೋಟೆಲು, ಕಂಡವರ ಎಂಜಲು ತಟ್ಟೆ. ಆಗ ವೈನಿ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ ಹೇಳಿದ್ದರು: "ಅಡಿಗಿ ಮನ್ಯಾಗ ಮಾಡಿದ್ರ ಪುಣ್ಯ, ಹೊರಗ ಮಾಡಿದ್ರ ಪಾಪ ಏನ್ರಿ? ಹೋಗ್ಲಿ ಬಿಡ್ರಿ ಅಕಿ." ಅಷ್ಟಕ್ಕೇ ಎಲ್ಲರ ಬಾಯಿ ಮುಚ್ಚಿತು. ನಾನು ಹೋದೆ. ಎಲ್ಲಿಗೆ ಹೋದೆನೋ!

ಕರಿಂಡಿ ಎಂದರೆ ನಮ್ಮ ಕಡೆ ಚಳಿಗಾಲದ ವ್ಯಂಜನ. ಅಗಸೆಯನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಜೊತೆ ಅರೆದು, ಸವತೆಕಾಯಿ, ಗಜ್ಜರಿಯ ಹೋಳು ಬೆರೆಸಿ, ಮಣ್ಣಿನ ಗಡಿಗೆಯಲ್ಲಿಟ್ಟು ಬಟ್ಟೆ ಕಟ್ಟಿ ಕೆಲವು ದಿನ ಹುಳಿ ಬರಿಸುತ್ತಾರೆ. ರೊಟ್ಟಿಗೆ ಹಚ್ಚಿಕೊಂಡು ತಿಂದರೆ ಮೂಗಿನಲ್ಲಿ ನೀರು ಬರಬೇಕು. ಅಗಸೆ ಇಲ್ಲದೆ ಕರಿಂಡಿ ಇಲ್ಲ. ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ನಮ್ಮ ಮನೆಯಲ್ಲಿ ಮಾತ್ರ ಗುರೆಳ್ಳಿನದು — ದಕ್ಷಿಣದವರು ಹುಚ್ಚೆಳ್ಳು ಎನ್ನುತ್ತಾರಲ್ಲ, ಆ ಕಪ್ಪು ಕಾಳು. ಅದು ಅವ್ವನ ತಪ್ಪು. ಪೊರೆ ಬಂದು ಕಣ್ಣು ಮಂಜಾಗಿದ್ದ ಕಾಲದಲ್ಲಿ ಅವಳು ಒಂದು ವರ್ಷ ಅಗಸೆಯ ಡಬ್ಬಿ ಎಂದುಕೊಂಡು ಗುರೆಳ್ಳಿನ ಡಬ್ಬಿಗೆ ಕೈಹಾಕಿದಳು. ಗಡಿಗೆ ಬಿಚ್ಚಿದಾಗ ಬೂದಿ ಬಣ್ಣ, ಕಹಿ. ಬೇರೆ ಸೊಸೆಯಾಗಿದ್ದರೆ ಚೆಲ್ಲುತ್ತಿದ್ದಳು, ಇಲ್ಲವೇ ಊರಿಗೆಲ್ಲ ಸಾರುತ್ತಿದ್ದಳು. ವೈನಿ ಎರಡು ರೊಟ್ಟಿಗೆ ಹಚ್ಚಿಕೊಂಡು ತಿಂದು, "ಅತ್ತಿ, ಈ ಸಲ ಬ್ಯಾರೇನ ಆಗ್ಯದ, ಛಲೋ ಅದರಿ" ಎಂದರು. ಮರುವರ್ಷ ಅವ್ವ ತಾನಾಗಿಯೇ ಗುರೆಳ್ಳು ಕೇಳಿದಳು. ತಪ್ಪು ಎಂದು ಹೇಳಿದರೆ ಮುದುಕಿಯ ಮನಸ್ಸು ಮುರಿದೀತು ಎಂದು ವೈನಿ ಆ ಕಹಿಯ ಜೊತೆ ಹಟಕ್ಕೆ ಬಿದ್ದರು. ಎಷ್ಟು ಹುರಿಯಬೇಕು, ಯಾವ ಹದಕ್ಕೆ ಇಳಿಸಬೇಕು, ಲಿಂಬೆ ಯಾವ ದಿನ ಹಿಂಡಬೇಕು — ನಾಲ್ಕು ಚಳಿಗಾಲ ಬೇಕಾಯಿತು. ನಾಲ್ಕನೆಯ ವರ್ಷದ ಕರಿಂಡಿ ತಿಂದು ಅಣ್ಣ ತಟ್ಟೆಯನ್ನು ಬೆರಳಿನಿಂದ ಒರೆಸಿದ್ದ. ಅವ್ವ ತೀರಿಕೊಂಡ ಮೇಲೂ ವೈನಿ ಹಾಗೆಯೇ ಮಾಡಿದರು. ಲೋಕದಲ್ಲಿ ಇನ್ನೆಲ್ಲೂ ಅದು ಇರಲಿಲ್ಲ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ ಇದೆ. "ಅದು ನನ್ನ ಅವ್ವನದೂ ಹೌದಲ್ಲ, ನನಗೂ ಹಕ್ಕಿದೆ" ಎಂದು ನಾನು ಒಳಗೊಳಗೇ ವಾದ ಮಾಡಿಕೊಂಡಿದ್ದೆ. ಸುಳ್ಳು. ಅವ್ವನದು ತಪ್ಪು ಮಾತ್ರ. ರುಚಿ ವೈನಿಯದು.

ನನಗೆ ಆಗ ಕೆಲಸವಿದ್ದದ್ದು ಟೀವಿಯಲ್ಲಿ ಅಡುಗೆ ಮಾಡಿ ತೋರಿಸುವ ಒಬ್ಬ ಹೆಸರಾಂತ ಶೆಫ್‌ನ ರೆಸ್ಟೋರಂಟಿನಲ್ಲಿ. ಕೋರೆಗಾಂವ್ ಪಾರ್ಕಿನಲ್ಲಿ ಹೊಸದಾಗಿ ತೆರೆದಿದ್ದರು. ಅವನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅವನನ್ನು ಬೈದು ನನ್ನನ್ನು ಬಿಟ್ಟುಬಿಡುತ್ತೀರಿ. ಪುಣೆಯಲ್ಲಿ ದೊಡ್ಡ ಆಹಾರ ಮೇಳ ನಡೆಯುವುದಿತ್ತು. ಅದಕ್ಕೆ ಯಾರೂ ಉಣ್ಣದ ಹೊಸ ರುಚಿ ಬೇಕು, ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಿಂದ ಏನಾದರೂ ತನ್ನಿ ಎಂದ. ಒಂದು ಮೇಲಿನ ಹುದ್ದೆ ಖಾಲಿ ಇತ್ತು. ಎಲ್ಲರಿಗೂ ಅದರ ಮೇಲೆ ಕಣ್ಣು.

ನಾನು ವೈನಿಯ ಬಳಿ ಹೋಗಿ, "ನನಗೂ ಕರಿಂಡಿ ಮಾಡೂದು ಕಲಿಸ್ರಿ, ನಾಳೆ ಮದುವಿ ಆದ್ರ ಬೇಕಾಗ್ತದ" ಎಂದೆ. ಅವರ ಮುಖ ಅರಳಿದ್ದು — ಅದನ್ನು ನೆನೆದರೆ ನನಗೇ ನನ್ನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ. ಕಾಲೇಜು ಕಲಿತ ನಾದಿನಿ ತನ್ನಿಂದ ಕಲಿಯಲು ಬಂದಿದ್ದಾಳೆ! ಬಾಣಲೆಯ ಪಕ್ಕ ಕೂರಿಸಿಕೊಂಡು, ಕಾಳು ಯಾವ ಸದ್ದು ಮಾಡಿದಾಗ ಇಳಿಸಬೇಕು ಎಂಬುದರ ತನಕ ಹೇಳಿಕೊಟ್ಟರು. ನಾನು ಎಲ್ಲ ಬರೆದುಕೊಂಡೆ. ಉಂಡ ಮನೆಯ ಜಂತಿ ಎಣಿಸುವವರು ಎಂದು ಬೈಯುತ್ತಾರೆ. ನಾನು ಎಣಿಸಲಿಲ್ಲ, ಜಂತಿಯನ್ನೇ ಕಿತ್ತುಕೊಂಡು ಹೋದೆ.

ಶೆಫ್ ಉಳಿದವರು ತಂದದ್ದನ್ನೆಲ್ಲ ಒಂದೊಂದು ಚಮಚ ನೆಕ್ಕಿ ಪಕ್ಕಕ್ಕೆ ಸರಿಸಿದ. ನನ್ನ ಬಾಟಲಿಯ ಹತ್ತಿರ ಬಂದವನು ನಿಂತ. ಮತ್ತೊಂದು ಚಮಚ ತೆಗೆದುಕೊಂಡ. ಯಾರದು ಎಂದು ಕೇಳಿದ. ನಮ್ಮ ಮನೆಯದು ಎಂದೆ. ವೈನಿಯ ಹೆಸರು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಅವ್ವನ ಕಣ್ಣಿನ ಕಥೆಯನ್ನು ಮಾತ್ರ ರಂಜಕವಾಗಿ ಹೇಳಿದೆ, ಅವನು ನಕ್ಕ, ಹುದ್ದೆ ನನಗೆ ಸಿಕ್ಕಿತು. ಮನೆಗೆ ಪೇಢೆ ತಂದೆ. ವೈನಿ ಮೊದಲ ಪೇಢೆಯನ್ನು ಅವ್ವನ ಫೋಟೋದ ಮುಂದೆ ಇಟ್ಟರು.

ಅದೇ ದಿನಗಳಲ್ಲಿ ವೈನಿಯ ಬದುಕಿನಲ್ಲಿ ಒಂದು ಹೊಸ ಆಸೆ ಮೂಡಿತ್ತು. ಯಾರ್ಡಿನ ಹತ್ತಿರದ ಕಿರಾಣಿ ಅಂಗಡಿಯ ಪಾಟೀಲರು ಅವರ ಕರಿಂಡಿ ತಿಂದು, ಬಾಟಲಿ ತುಂಬಿ ಕೊಡಿ, ಅಂಗಡಿಯಲ್ಲಿ ಇಡುತ್ತೇನೆ ಎಂದಿದ್ದರು. ಮದುವೆಯಾಗಿ ಬಂದಾಗಿನಿಂದ ತನ್ನದು ಎಂದು ಹೇಳಿಕೊಳ್ಳುವ ಒಂದು ಕೆಲಸವೂ ಇರದ ಹೆಂಗಸು. ಗಾಜಿನ ಬಾಟಲಿ ತರಿಸಿ, ಕುದಿಯುವ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಮಗಳು ವಿದ್ಯಾಳಿಂದ ಚೀಟಿಯ ಮೇಲೆ ತನ್ನ ಹೆಸರು ಬರೆಸಿದ್ದರು. "ನನ್ನ ಹೆಸರು ಅಂಗಡ್ಯಾಗ ಕುಂಡ್ರತದ ನೋಡವಾ" ಎಂದು ನಾಚಿಕೊಂಡು ನಕ್ಕಿದ್ದರು. ಆ ಚೀಟಿಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನೋಡಿಯೂ ಬಾಯಿ ಬಿಡಲಿಲ್ಲ.

ಮೇಳಕ್ಕೆ ಮನೆಯವರಿಗೆಂದು ಪಾಸು ಕೊಟ್ಟಿದ್ದರು. ನಾನು ಮುಚ್ಚಿಟ್ಟಿದ್ದೆ, ವಿದ್ಯಾ ನನ್ನ ಚೀಲದಲ್ಲಿ ಹುಡುಕಿ ತೆಗೆದಳು. ಭಾನುವಾರ ಮಧ್ಯಾಹ್ನ ಅವಳೂ ವೈನಿಯೂ ಬಂದೇಬಿಟ್ಟರು. ಬಿಳಿ ಶಾಮಿಯಾನಾ, ಹೆಸರುವಾಸಿ ಶೆಫ್‌ಗಳ ರೆಸ್ಟೋರಂಟುಗಳದೇ ಸಾಲು, ಒಂದು ಕೂಪನ್ನಿಗೆ ಒಂದು ತುತ್ತು. ವೈನಿ ಪ್ರತಿ ಮೇಜಿನ ಹತ್ತಿರ ನಿಂತು ಶ್ರದ್ಧೆಯಿಂದ ರುಚಿ ನೋಡಿದರು. ದೊಡ್ಡ ತಟ್ಟೆಯ ನಡುವೆ ಇಷ್ಟೇ ಇಷ್ಟು ಮೀನು ಇಟ್ಟದ್ದನ್ನು ಕಂಡು, "ತಾಟು ಛಂದ ಅದ. ಊಟ ಎಲ್ಲಿ ಇಟ್ಟಾರ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಚಾಕೊಲೇಟಿನಲ್ಲಿ ಮೆಣಸಿನಕಾಯಿ ಹಾಕಿದ್ದನ್ನು ಬಾಯಿಗಿಟ್ಟು, "ಖಾರ ಬ್ಯಾಡಗಿದಲ್ಲ, ಬಣ್ಣಕ್ಕ ಮೋಸ ಹೋಗ್ಯಾರ" ಎಂದರು. ಸುತ್ತಲಿದ್ದವರು ವೈನ್ ಗ್ಲಾಸು ತಿರುಗಿಸುತ್ತ ಬಾಯಿಗೆ ಬಂದ ವಿಶೇಷಣ ಉದುರಿಸುತ್ತಿದ್ದರು. ಆ ಇಡೀ ಬಯಲಿನಲ್ಲಿ ನಾಲಿಗೆ ಎಂಬುದಿದ್ದದ್ದು ಇವರೊಬ್ಬರಿಗೆ.

ನಾನು ಬೇರೆ ಬೇರೆ ಕಡೆ ಎಳೆದೆ. ಆದರೂ ನಮ್ಮ ಮಳಿಗೆಗೆ ಬಂದೇ ಬಂದರು. ನಾದಿನಿ ಕೆಲಸ ಮಾಡುವ ಜಾಗ ನೋಡದೆ ಹೋಗುತ್ತಾರೆಯೇ? ರೂಪಾಯಿ ನಾಣ್ಯದಷ್ಟಗಲದ ಜೋಳದ ಹಪ್ಪಳ, ಮೇಲೆ ಬೂದಿ ಬಣ್ಣದ ಒಂದು ಬೊಟ್ಟು, ಒಂದು ಕೊತ್ತಂಬರಿ ಎಲೆ. ಮುಂದಿಟ್ಟ ಚೀಟಿಯ ಮೇಲೆ ಉದ್ದನೆಯ ಇಂಗ್ಲಿಷ್ ಹೆಸರು. ಆ ಹೆಸರನ್ನು ಕಟ್ಟಿದವಳೂ ನಾನೇ. ವೈನಿ ಬಾಯಿಗಿಟ್ಟುಕೊಂಡರು. ಅಗಿಯುವುದನ್ನು ನಿಲ್ಲಿಸಿದರು.

"ಸುಮಾ, ಇದು ನಮ್ಮ ಕರಿಂಡಿ ಅಲ್ಲೇನ?"

ಸಿಟ್ಟಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಸುಡುವುದು. ಸಂತೋಷ! ತವರಿನವರು ಸಿಕ್ಕ ಹಾಗೆ ಸಂತೋಷ. "ಇದರಾಗ ಗುರೆಳ್ಳು ಅದ ನೋಡು. ನಮ್ಮ ಅತ್ತಿ ಗುರೆಳ್ಳು. ಇವರಿಗೆ ಯಾರು ಹೇಳಿಕೊಟ್ರು, ಕೇಳವಾ."

ಐದು ಹೆಜ್ಜೆ ದೂರದಲ್ಲಿ ಶೆಫ್ ನಿಂತಿದ್ದ. ಪತ್ರಿಕೆಯವರು ಅವನ ಫೋಟೋ ತೆಗೆಯುತ್ತಿದ್ದರು. ನಾನು ಅವನ ಕಡೆ ನೋಡಿದೆ, ವೈನಿಯ ಕಡೆ ನೋಡಿದೆ, ನನ್ನ ಹೊಸ ಕೋಟಿನ ಮೇಲೆ ಹೊಲಿದಿದ್ದ ನನ್ನ ಹೆಸರನ್ನು ಮುಟ್ಟಿ ನೋಡಿಕೊಂಡೆ. ಆಮೇಲೆ ಹೇಳಿದೆ:

"ಇಲ್ರಿ ವೈನಿ. ಗುರೆಳ್ಳು ಹಾಕೂದು ಭಾಳ ಕಡೆ ಅದರಿ. ಪುಸ್ತಕದಾಗೂ ಅದ. ನಮ್ಮನ್ಯಾಗಷ್ಟ ಅಂತ ನಾವ ತಿಳ್ಕೊಂಡಿದ್ವಿ."

ಯಾವ ಪುಸ್ತಕ? ಅಂಥ ಪುಸ್ತಕ ಭೂಮಿಯ ಮೇಲೇ ಇರಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸಿನ ಬಾಯಿ ಮುಚ್ಚಿಸಲು ಇದೊಂದೇ ಮಾತು ಸಾಕು ಎಂದು ಗೊತ್ತಿದ್ದೇ ಅದನ್ನು ಆರಿಸಿಕೊಂಡಿದ್ದೆ.

"ಹೌದೇನ?" ಎಂದರು. "ನೀ ಕಲತಾಕಿ. ನಿನಗ ಗೊತ್ತಿರತದ" ಎಂದು ಸೆರಗಿನ ತುದಿಗೆ ಬೆರಳು ಒರೆಸಿಕೊಂಡರು. ಶೆಫ್ ಹತ್ತಿರ ಬಂದು ಆಂಟಿ ಏನು ಹೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಬಹಳ ಇಷ್ಟವಾಯಿತಂತೆ ಎಂದೆ. ಅವನು ಟೀವಿಯಲ್ಲಿ ಮುಗಿಯುವ ಹಾಗೆ ಕೈಮುಗಿದ. ವೈನಿ ತಿರುಗಿ ಕೈಮುಗಿದರು — ತನ್ನದನ್ನು ನುಂಗಿದವನಿಗೆ, ತಾನೇ, ತಲೆಬಾಗಿ.

ಯಾಕೆ ನಂಬಿದಿರಿ ವೈನಿ? ಆ ತಟ್ಟೆಯನ್ನು ನನ್ನ ಮುಖಕ್ಕೆ ಎಸೆದು, "ಕಳ್ಳಿ" ಎನ್ನಬಾರದಿತ್ತೇ? ಮಾರುಕಟ್ಟೆಯಲ್ಲಿ ತೂಕ ತಪ್ಪಿಸಿದವನನ್ನು ಮರಾಠಿಯಲ್ಲಿ ನಿಲ್ಲಿಸಿ ಬೈಯುವ ನೀವು ನನ್ನೆದುರು ಯಾಕೆ ಬಾಯಿ ಕಟ್ಟಿಕೊಂಡಿರಿ? ನೋಡಿ, ಕದ್ದವಳು ನಾನು, ಸಿಟ್ಟು ನಿಮ್ಮ ಮೇಲೆ. ಇಷ್ಟು ನೀಚತನಕ್ಕೂ ಇಳಿದಿದ್ದೇನೆ.

ಮುಂದಿನ ವಾರ ಪಾಟೀಲರು ಬಾಟಲಿ ಎಲ್ಲಿ ಎಂದು ಹೇಳಿ ಕಳಿಸಿದರು. "ಎಲ್ಲಾರ ಮನ್ಯಾಗ ಇರೂದನ್ನ ಯಾರು ಕೊಳ್ತಾರ್ರಿ? ಸುಮ್ನ ನಗಿಗೇಡು" ಎಂದು ವೈನಿ ಉತ್ತರ ಕೊಟ್ಟರು. ಬಾಟಲಿಗಳಲ್ಲಿ ತೊಗರಿಬೇಳೆ, ಸಾಸಿವೆ ತುಂಬಿಕೊಂಡವು. ಬರೆಸಿದ್ದ ಚೀಟಿಗಳು ಎಲ್ಲಿ ಹೋದವೋ, ಕೇಳುವ ಮುಖ ನನಗಿರಲಿಲ್ಲ. ಆ ಚಳಿಗಾಲ ಅವರು ಅಗಸೆಯ ಕರಿಂಡಿ ಮಾಡಿದರು. ಯಾಕೆ ಎಂದು ವಿದ್ಯಾ ಕೇಳಿದ್ದಕ್ಕೆ, "ಅತ್ತಿ ಕಣ್ಣು ಕಾಣದ ಮಾಡಿದ್ದ ತಪ್ಪು ಅದು. ನಾ ಅದನ್ನ ದೊಡ್ಡ ಜಾಣತನ ಅಂತ ಹಿಡಕೊಂಡು ಕುಂತಿದ್ದೆ" ಎಂದರು. ಗುರೆಳ್ಳಿನದನ್ನು ಮತ್ತೆ ಮಾಡಲಿಲ್ಲ. ಈಗಲೂ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ವಿದ್ಯಾಳನ್ನು ಕೇಳುತ್ತಾರೆ. ಮೊದಲು ಯಾರನ್ನೂ ಕೇಳುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಶೆಫ್‌ನ ಅಡುಗೆ ಪುಸ್ತಕ ಬಂತು. ಗುರೆಳ್ಳಿನ ಕರಿಂಡಿ ಅದರಲ್ಲಿದೆ, ಬಣ್ಣದ ಚಿತ್ರದ ಸಮೇತ. ಒಂದು ದಿನ ತನ್ನ ಅಡುಗೆಮನೆಯಲ್ಲಿ ಕೈಕೆಳಗಿನವರೊಬ್ಬರು ತಪ್ಪಿ ಬೇರೆ ಕಾಳು ಹಾಕಿದರಂತೆ, ಬೈಯಲು ಹೋದವನು ರುಚಿ ನೋಡಿ ದಂಗಾದನಂತೆ. ನನ್ನ ಅವ್ವನ ಕುರುಡನ್ನೂ ಬಿಡಲಿಲ್ಲ ಹಲ್ಕಟ್! ಪುಸ್ತಕವನ್ನು ಗೋಡೆಗೆ ಎಸೆದೆ. ಎಸೆದು, ಮರುದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದೆ. ಇನ್ನೂ ಮೂರು ವರ್ಷ ಅಲ್ಲೇ ದುಡಿದೆ. ನನ್ನ ಸಿಟ್ಟಿನ ಬೆಲೆ ಅಷ್ಟು.

ಹೋದ ತಿಂಗಳು ವೈನಿಯ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ವಿದ್ಯಾ ತನ್ನ ಕಾಲೇಜಿನ ಲೈಬ್ರರಿಯಿಂದ ಅದೇ ಪುಸ್ತಕ ತಂದು, ಆ ಪುಟವನ್ನು ಓದಿ ಅರ್ಥ ಹೇಳಿದ್ದಳಂತೆ. ವೈನಿ ಚಿತ್ರದ ಮೇಲೆ ಬೆರಳಿಟ್ಟರು.

"ನೋಡು, ಪಾಪ, ಅವರ ಅಡಿಗಿಮನ್ಯಾಗೂ ಯಾರೋ ಕೈತಪ್ಪಿ ಹಾಕಿದ್ರಂತ. ನೀ ಅವತ್ತ ಹೇಳಿದ್ದಿ, ಪುಸ್ತಕದಾಗ ಅದ ಅಂತ. ನಿಮ್ಮಣ್ಣ ನಂಬಲಿಲ್ಲ. ಏನೋ ಮುಚ್ಚಿಡಾಕತ್ತಾಳ ಅಂದ್ರು. ನಾ ಆಗ್ಲೇ ಅಂದೆ — ಸುಮಾ ಯಾರ ಕೂಡ ಸುಳ್ಳು ಹೇಳಿದ್ರೂ ನನ್ನ ಕೂಡ ಹೇಳೂದಿಲ್ಲ."

ಅವರು ಬಡಿಸಿದ್ದನ್ನು ಉಂಡು, ಕೈತೊಳೆದುಕೊಂಡು ಬಂದೆ.

ಇದನ್ನು ಕನ್ನಡದಲ್ಲಿ ಬರೆದದ್ದು ವೈನಿ ಓದಲಿ ಎಂದು. ಅವರು ಅಕ್ಷರ ಅಕ್ಷರ ಕೂಡಿಸಿಕೊಂಡು ನಿಧಾನ ಓದುತ್ತಾರೆ. ಈ ಭಾನುವಾರ ಹಾಳೆಗಳನ್ನು ಅವರ ಕೈಗೆ ಕೊಡುತ್ತೇನೆ. ನಾನು ಓದಿ ಹೇಳುವುದಿಲ್ಲ. ನನ್ನ ಬಾಯಿಯನ್ನು ಅವರು ಇನ್ನು ನಂಬಬಾರದು. ಅವರು ಕೊನೆಯ ಸಾಲು ಮುಟ್ಟುವ ತನಕ ಎದುರಿಗೇ ಕೂತಿರುತ್ತೇನೆ. ಎದ್ದು ಹೋಗು ಎಂದರೆ ಎದ್ದು ಹೋಗುತ್ತೇನೆ.