ಗಯಾಬಾಯಿಗೆ ಹೊಡೆಯುತ್ತಿದ್ದ ಹಾರ್ನು

ಮೋರಖಂಡಿಯ ಗಯಾಬಾಯಿ ಬಸ್ಸು ಹತ್ತುವ ಠೀವಿ ನೋಡಬೇಕಿತ್ತು! ತಲೆಯ ಮೇಲೆ ಮೆಂತ್ಯೆ, ಕೊತ್ತಂಬರಿಯ ಪುಟ್ಟಿ. ನಡಿಗೆ ಮಾತ್ರ ಮದುವೆಮನೆಯಲ್ಲಿ ಗಂಡಿನ ತಾಯಿಯದು. ಅವಸರ ಯಾಕಿರಬೇಕು? ಬಂದೇನವಾಜನ ಬಸ್ಸು ಕಲ್ಯಾಣದಿಂದ ಹುಮನಾಬಾದಿಗೆ ಓಡಲು ಶುರುವಾದ ಮೊದಲ ದಿನ, ಎಲ್ಲಿ ಮಗುಚುತ್ತದೋ ಎಂದು ಊರಿನವರೆಲ್ಲ ದೂರ ನಿಂತಾಗ, ಹತ್ತಿ ಕೂತವಳು ಅವಳೊಬ್ಬಳೇ. ಬಂದೇನವಾಜ ಅದನ್ನು ಮರೆಯಲಿಲ್ಲ. ಮುಂದಿನ ಸೀಟು ಅವಳಿಗೇ ಮೀಸಲು, ಪುಟ್ಟಿಗೆ ಚಾರ್ಜಿಲ್ಲ, ಅವಳು ಕಾಣದಿದ್ದರೆ ಕ್ರಾಸಿನಲ್ಲಿ ಬಸ್ಸು ನಿಲ್ಲಿಸಿ ಹಾರ್ನು ಹೊಡೆಯುತ್ತಿದ್ದ. ಗಂಡ ತೀರಿಕೊಂಡ ಮೇಲೆ ಆ ಸೊಪ್ಪು ಮಾರಿಯೇ ಅವಳು ಹೆಣ್ಣುಮಕ್ಕಳನ್ನು ಬೆಳೆಸಿದ್ದು. ಬಸ್ಸು ತಪ್ಪಿದರೆ ಸೊಪ್ಪು ಬಾಡುತ್ತಿತ್ತು, ಒಲೆ ಹೊತ್ತುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಬಂದೇನವಾಜನಿಗೆ ಕಣ್ಣು ಮಂಜಾಯಿತು. ಬಸ್ಸನ್ನು ಮಚ್ಚೇಂದ್ರ ಕೊಂಡು, ತಾನೇ ನಡೆಸತೊಡಗಿದ. ಕೆಟ್ಟವನಲ್ಲ, ಆದರೆ ಹೊಸ ಹುರುಪು ನೋಡಿ! ಮೊದಲು ಪುಟ್ಟಿಗೆ ಚಾರ್ಜು ಹಾಕಿದ. ಆಮೇಲೆ ಮುಂದಿನ ಸೀಟನ್ನು ಹೆಚ್ಚು ಕೊಡುವವರಿಗೆ ಕೊಟ್ಟ. ಗಯಾಬಾಯಿ ಬೈದುಕೊಂಡೇ ಹಿಂದೆ ಹೋಗಿ ಕೂತಳು. ಕೊನೆಗೆ ಕಾಯುವುದೂ ನಿಂತಿತು. ಒಂದು ಬೆಳಿಗ್ಗೆ ಅವಳು ಎಂದಿನ ಠೀವಿಯಲ್ಲಿ ಬರುವಷ್ಟರಲ್ಲಿ ಬಸ್ಸು ಧೂಳೆಬ್ಬಿಸಿಕೊಂಡು ಹೋಗೇಬಿಟ್ಟಿತು.

“ನಿನ್ನ ಬಸ್ಸಿಗಿ ಬೆಂಕಿ ಹತ್ತಲಿ! ನನ್ನ ಬಿಟ್ಟು ಹೋಗ್ತೀಯೇನೋ?” ಎಂದು ಕೂಗಿದವಳು, ಪುಟ್ಟಿ ಇಳಿಸಿ ಅತ್ತೇಬಿಟ್ಟಳು.

ಬೇವಿನ ಗಿಡದ ಕೆಳಗೆ ಇನ್ನೊಬ್ಬಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ಏದುಸಿರು ಬಿಡುತ್ತಿದ್ದಳು. ದ್ರೌಪತಿ, ಊರ ಕೊನೆಯ ಬೌದ್ಧರ ಓಣಿಯವಳು, ಹುಮನಾಬಾದಿಗೆ ಕಟ್ಟಡದ ಕೂಲಿಗೆ ಹೋಗುವವಳು.

“ನಿನ್ನೂ ಬಿಟ್ಟು ಹೋಯ್ತೇನವಾ ಇವತ್ತ?” ಎಂದಳು ಗಯಾಬಾಯಿ.

“ಇವತ್ತೇನ್ರಿ ಬಾಯಿ, ಯಾವಾಗಲೂ ಬಿಟ್ಟು ಹೋಗ್ತದ. ನಮ್ಮ ಓಣಿ ದೂರ. ಕೂಸಿಗಿ ಹಾಲು ಕುಡಿಸಿ ಓಡಿ ಬರೂದ್ರಾಗ ನೀವು ಹತ್ತಿರ್ತೀರಿ, ಬಸ್ಸು ಹೊಂಟಿರ್ತದ. ತಡಾ ಆದ್ರ ಕೆಲಸಾ ಕೊಡಂಗಿಲ್ಲ.”

“ಮತ್ತ ಬಂದೇನವಾಜ ಹಾರ್ನು ಹೊಡೀತಿದ್ದನಲ್ಲ?”

“ಅದು ನಿಮಗ ಹೊಡೀತಿದ್ದ ಹಾರ್ನು ಅಲ್ಲೇನ್ರಿ?”

ದ್ರೌಪತಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಗಯಾಬಾಯಿ ಆ ಮುಂದಿನ ಸೀಟಿನ ಕಿಟಕಿಯಿಂದ ಓಡಿಬರುವವರನ್ನು ನೋಡಿದ್ದಳು. ನೋಡಿ, ಸೆರಗು ಸರಿಮಾಡಿಕೊಂಡು ಮುಂದೆ ತಿರುಗಿದ್ದಳು. ಈಗ ಅವಳಿಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಬಸ್ಸು ನಿಂತಿತು. ಪುಟ್ಟಿಯನ್ನು ಒಳಗೆ ತಳ್ಳಿ, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟು ಹಾಗೇ ನಿಂತಳು.

“ಹತ್ರಿ ಬಾಯಿ, ಟೈಮ್ ಆಗ್ಯಾದ!” ಎಂದ ಮಚ್ಚೇಂದ್ರ.

“ಹತ್ತಾಕತ್ತೀನಲ್ಲೋ! ಮೊಣಕಾಲು ಏಳವಲ್ದು, ಏನು ಮಾಡ್ಲಿ?”

ಅಷ್ಟರಲ್ಲಿ ದ್ರೌಪತಿ ಓಡೋಡಿ ಬಂದು ಹತ್ತಿದಳು. ಆಗಲೇ ನೋಡಿ ಗಯಾಬಾಯಿಯ ಮೊಣಕಾಲು ಎದ್ದದ್ದು!

ದಿನಾ ಬೆಳಗಾದರೆ ಇದೇ ಮೊಣಕಾಲು. ಬೈದರೂ ಕೇಳಲಿಲ್ಲ, ಬೇಡಿಕೊಂಡರೂ ಕೇಳಲಿಲ್ಲ. ಮಚ್ಚೇಂದ್ರನಿಗೆ ಸಾಕುಸಾಕಾಯಿತು.

“ಬಾಯಿ, ಕೈ ಮುಗೀತೀನಿ. ನಿಮ್ಮ ಮುಂದಿನ ಸೀಟು ನಿಮಗಽ ಕೊಡ್ತೀನಿ. ಪುಟ್ಟಿಗಿ ರೊಕ್ಕ ಬ್ಯಾಡ. ಮೊದಲಿನಂಗ ನಿಮಗ ಹಾರ್ನು ಹೊಡೀತೀನಿ. ಈ ಕಾಲಿನ ಆಟ ಒಂದು ಬಿಡ್ರಿ.”

ಆ ಸೀಟು! ಸುಳ್ಳು ಯಾಕೆ ಹೇಳಬೇಕು, ಗಯಾಬಾಯಿಯ ಜೀವ ಆ ಕಡೆ ಎಳೆಯಿತು. ದ್ರೌಪತಿ ಇನ್ನೂ ಬಂದಿರಲಿಲ್ಲ. ಈಗ ಹತ್ತಿ ಕೂತರೆ ಎಲ್ಲ ಮೊದಲಿನ ಹಾಗೆಯೇ ಆಗುತ್ತಿತ್ತು.

“ಸೀಟು ಯಾರಿಗರೆ ಕೊಡು. ಪುಟ್ಟಿಗಿ ರೊಕ್ಕಾನೂ ತಗೋ,” ಎಂದಳು. “ಹಾರ್ನು ಮಾತ್ರ ಹೊಡಿ. ಬೌದ್ಧರ ಓಣಿತನಕ ಕೇಳೂ ಹಂಗ ಹೊಡಿ.”

ಮಚ್ಚೇಂದ್ರ ನೆಲದ ಮೇಲಿದ್ದ ಅವಳ ಕಾಲು ನೋಡಿದ. ಅವನಿಗೂ ನಗು ಬಂತು. ಉದ್ದಕ್ಕೆ ಹಾರ್ನು ಹೊಡೆದ.

ದ್ರೌಪತಿ ದಾರಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಓಡುತ್ತಿದ್ದವಳು ತಟಕ್ಕನೆ ನಿಂತು, ಈ ಹಾರ್ನು ಯಾರಿಗೆಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

“ನಿನಗಽ ಹೊಡದದ್ದು, ಹುಚ್ಚಿ!” ಗಯಾಬಾಯಿ ಕೂಗಿದಳು. “ಸಾವಕಾಶ ಬಾ. ನಿಂತಾದ ಬಸ್ಸು.”